ಎರಕದ ಕಾರ್ಖಾನೆಯನ್ನು 1:87ಕ್ಕೆ ಇಳಿಸಿದ ಬಗೆ

ಮಾದರಿ ರೈಲಿನ ಬೋರ್ಡಿನ ಮೇಲೆ ಕಾರ್ಖಾನೆ ಕಟ್ಟುವ ಮುಂಚೆ ಒಂದು ಹಾಳೆಯಲ್ಲಿ ಸರಕಿನ ಪಟ್ಟಿ ಬರೆದುಕೊಳ್ಳುತ್ತೇನೆ. ಫೌಂಡ್ರಿಗೆ, ಅಂದರೆ ಎರಕದ ಕಾರ್ಖಾನೆಗೆ, ಬೀಡು ಕಬ್ಬಿಣದ ಗಟ್ಟಿ, ಗುಜರಿ, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ), ಸುಣ್ಣದ ಕಲ್ಲು, ಅಚ್ಚಿನ ಮರಳು ಬರುತ್ತವೆ. ಎರಕದ ಭಾಗಗಳು, ಕಿಟ್ಟ, ಬಳಸಿ ಬಿಟ್ಟ ಕಪ್ಪು ಮರಳು ಹೊರಗೆ ಹೋಗುತ್ತವೆ. ಈ ಪಟ್ಟಿ ಮುಂದಿದ್ದರೆ ಸೈಡಿಂಗ್ (ಸರಕಿನ ವ್ಯಾಗನ್ ನಿಲ್ಲುವ ಪಕ್ಕದ ಹಳಿ) ಯಾವ ಗೋಡೆಗೆ ತಾಗಬೇಕು, ರಾಶಿ ಎಲ್ಲಿ ಬೀಳಬೇಕು, ಯಾವ ನೆಲ ಯಾವ ಬಣ್ಣಕ್ಕೆ ತಿರುಗಬೇಕು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ. ಪಟ್ಟಿಯಿಲ್ಲದೆ ಕಟ್ಟಿದ ಕಾರ್ಖಾನೆ ಎಷ್ಟು ಚೆಂದವಿದ್ದರೂ ಬರೀ ಗೋಡೆಯಾಗಿ ಕಾಣುತ್ತದೆ.

ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ 87ನೇ ಒಂದು ಪಾಲಿನ ಮಾದರಿಯಲ್ಲಿ, 1 ಮೀಟರ್ ಅಂದರೆ 11.5 ಮಿ.ಮೀ. ನಿಜವಾದ 60 ಮೀಟರ್ ಉದ್ದದ ಶೆಡ್ಡಿಗೆ 69 ಸೆಂ.ಮೀ. ಬೇಕು, ಅಷ್ಟು ಜಾಗ ಇರುವುದಿಲ್ಲ. ನಾನು 42 ಸೆಂ.ಮೀ. ಉದ್ದ, 9 ಸೆಂ.ಮೀ. ಆಳ ಇಟ್ಟು, ಹಿಂಬದಿಯನ್ನು ಹಿನ್ನೆಲೆ ಹಲಗೆಗೆ ಒತ್ತಿಸಿದೆ. ಕುಗ್ಗಿಸುವಾಗ ಕಿಟಕಿ ಸಾಲುಗಳ ಸಂಖ್ಯೆ ಕಡಿಮೆ ಮಾಡಬೇಕು, ಕಿಟಕಿಯನ್ನೇ ಚಿಕ್ಕದು ಮಾಡಬಾರದು. ಮನುಷ್ಯ ಮುಟ್ಟುವ ವಸ್ತುಗಳಿಗೆ ರಿಯಾಯಿತಿಯಿಲ್ಲ: ಬಾಗಿಲು 24 ಮಿ.ಮೀ., ಮೆಟ್ಟಿಲ ಪಕ್ಕದ ಕಂಬಿ 12.5 ಮಿ.ಮೀ., ಸರಕು ಇಳಿಸುವ ಕಟ್ಟೆ ಹಳಿಯ ತಲೆಯಿಂದ 13 ಮಿ.ಮೀ. ಕಟ್ಟೆ ಅಂಟಿಸುವ ಮುಂಚೆ ನಿಮ್ಮಲ್ಲಿರುವ ಅತಿ ಉದ್ದದ ವ್ಯಾಗನ್ನಿನ ನಡುಭಾಗಕ್ಕೂ ಮೂಲೆಗೂ ಪೆನ್ಸಿಲ್ ಕಟ್ಟಿ ತಿರುವಿನಲ್ಲಿ ನೂಕಿ. ಗೀಟು ಎಲ್ಲಿ ಬೀಳುತ್ತದೋ ಅದರಾಚೆ 2 ಮಿ.ಮೀ. ಬಿಟ್ಟು ಕಟ್ಟೆ.

ಗೋಡೆಗೆ ಇಟ್ಟಿಗೆ ಅಚ್ಚೊತ್ತಿದ ತೆಳು ಸ್ಟೈರೀನ್ ಪ್ಲಾಸ್ಟಿಕ್ ಹಾಳೆ, ಅದರ ಬೆನ್ನಿಗೆ 2 ಮಿ.ಮೀ. ಹಾಳೆ. ಇಲ್ಲಿ ಬಹಳ ಜನರ ಗೋಡೆ ಬಿಲ್ಲಿನಂತೆ ಬಾಗುವುದಕ್ಕೆ ಕಾರಣ, ಎರಡು ಹಾಳೆಗಳ ನಡುವೆ ಸಿಕ್ಕಿಕೊಂಡ ಅಂಟಿನ ದ್ರಾವಕ. ಹೊರಹೋಗಲು ದಾರಿಯಿಲ್ಲದೆ ಅದು ವಾರಗಟ್ಟಲೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತಿರುತ್ತದೆ. ಹಿಂದಿನ ಹಾಳೆಯಲ್ಲಿ 3 ಸೆಂ.ಮೀ.ಗೊಂದರಂತೆ 3 ಮಿ.ಮೀ. ತೂತು ಕೊರೆದರೆ ಆವಿ ಹೊರಟುಹೋಗುತ್ತದೆ. ಜೊತೆಗೆ 7 ಸೆಂ.ಮೀ.ಗೊಂದು 6 ಮಿ.ಮೀ. ಚೌಕದ ಅಡ್ಡಪಟ್ಟಿ ಕೊಡಿ. ಕಿಟಕಿಯ ಪಾರದರ್ಶಕ ಹಾಳೆಗೆ ಸೂಪರ್ ಗ್ಲೂ ಬೇಡ, ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಬಿಳಿ ಅಂಟು ಸಾಕು.

ಕ್ಯುಪೋಲಾ, ಅಂದರೆ ಕಬ್ಬಿಣ ಕರಗಿಸುವ ಕೊಳವೆಯಾಕಾರದ ಕುಲುಮೆ, ಇಲ್ಲದೆ ಫೌಂಡ್ರಿ ಇಲ್ಲ. 18 ಮಿ.ಮೀ. ವ್ಯಾಸದ ಪ್ಲಾಸ್ಟಿಕ್ ಕೊಳವೆ ತೆಗೆದುಕೊಂಡೆ, ನಿಜದ ಲೆಕ್ಕದಲ್ಲಿ ಅದು ಒಂದೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ನೆಲದಿಂದ 60 ಮಿ.ಮೀ. ಎತ್ತರಕ್ಕೆ ಕೋಕ್, ಕಬ್ಬಿಣ ಸುರಿಯುವ ಬಾಗಿಲು ಕೊರೆದು, ಅದರ ಮಟ್ಟಕ್ಕೆ ಒಂದು ಅಟ್ಟ, ಅಟ್ಟಕ್ಕೆ ಸರಕೆತ್ತುವ ಲಿಫ್ಟ್ ಕೊಟ್ಟೆ. ಬಾಗಿಲ ಕೆಳಅಂಚಿನಲ್ಲಿ ಬಣ್ಣ ಬಿಟ್ಟು ಬರಿ ಲೋಹ ಕಾಣಬೇಕು, ಏಕೆಂದರೆ ಗುಜರಿ ದಿನವೂ ಅಲ್ಲೇ ಉಜ್ಜುತ್ತದೆ. ಮೆತ್ತನೆ ಪೆನ್ಸಿಲ್ಲಿನ ಸೀಸವನ್ನು ಬೆರಳಿನಿಂದ ಒರೆಸಿದರೆ ಆ ಹೊಳಪು ಬರುತ್ತದೆ. ಚಿಮಣಿಯ ಸುತ್ತಲಿನ ಚಾವಣಿಗೆ ಬೂದಿ ಬಣ್ಣದ ಪುಡಿ ದಪ್ಪಗೆ ಹಚ್ಚಿ.

ಚಾವಣಿಯ ತಗಡನ್ನು ಒಂದೇ ದೊಡ್ಡ ಹಾಳೆಯಾಗಿ ಹಾಸಿದರೆ ಎಷ್ಟು ಬಣ್ಣ ಬಳಿದರೂ ಆಟಿಕೆಯೇ. 32×9 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ಸೂರಿನಿಂದ ಶುರುಮಾಡಿ ಮೇಲಕ್ಕೆ, ಒಂದರ ಮೇಲೊಂದು 1.5 ಮಿ.ಮೀ. ಹತ್ತಿಸಿಕೊಂಡು ಹೋಗಿ. ಅಂಟಿಸುವ ಮುಂಚೆಯೇ ತುಂಡುಗಳನ್ನು ಮೂರು ಗುಂಪು ಮಾಡಿ ಬೂದು, ತುಸು ಕಂದು, ಹಳೆಯ ತುಕ್ಕು ಹೀಗೆ ಬಣ್ಣ ಕೊಟ್ಟು, ಹಾಸುವಾಗ ಬೆರೆಸಬೇಕು. ನಾಲ್ಕೈದು ತುಂಡು ಹೊಚ್ಚಹೊಸದಾಗಿರಲಿ, ರಿಪೇರಿ ಆದ ಹಾಗೆ.

ಇನ್ನು ಕೊಳೆ. ನನಗೆ ಅತಿ ಪ್ರಿಯವಾದ ಕೆಲಸ ಇದು, ಅತಿ ಹೆಚ್ಚು ಕೆಡುವ ಕೆಲಸವೂ ಇದೇ. ಮೊದಲ ಕೈಗೆ 250 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದು ಟೀ ಚಮಚ ಇಂಡಿಯಾ ಇಂಕ್. ಅಗಲ ಕುಂಚದಲ್ಲಿ ಬಳಿದು, ಗೋಡೆಯನ್ನು ನೇರ ನಿಲ್ಲಿಸಿ ಒಣಗಿಸಿ. ಮಲಗಿಸಿದರೆ ಮಸಿ ಮಡುಗಟ್ಟಿ ಉಂಗುರ ಬೀಳುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮ್ಯಾಟ್ ವಾರ್ನಿಷ್ ಹೊಡೆದ ಮೇಲೆ ಈ ಮಸಿ ಬಳಿದರೆ ಆಲ್ಕೊಹಾಲು ವಾರ್ನಿಷಿನೊಂದಿಗೆ ಸೇರಿ ಗೋಡೆಯೆಲ್ಲ ಬೆಳ್ಳಗಾಗಬಹುದು. ಹಾಗಾದರೆ ಕಿತ್ತುಹಾಕಬೇಡಿ, ಇನ್ನೊಂದು ತೆಳು ಕೈ ವಾರ್ನಿಷ್ ಹೊಡೆದರೆ ಬಹುಪಾಲು ಮಾಯವಾಗುತ್ತದೆ.

ತುಕ್ಕಿನ ಗೆರೆಗೆ ಆಯಿಲ್ ಬಣ್ಣವೇ ಸರಿ. ಬೋಲ್ಟಿನ ಕೆಳಗೆ ಸೂಜಿಮೊನೆಯಷ್ಟು ಗಾಢ ಕಂದು ಚುಕ್ಕಿ ಇಟ್ಟು, ಇಪ್ಪತ್ತು ನಿಮಿಷ ಬಿಟ್ಟು, ವೈಟ್ ಸ್ಪಿರಿಟ್ಟಿನಲ್ಲಿ (ಆಯಿಲ್ ಬಣ್ಣ ತೆಳು ಮಾಡುವ ದ್ರಾವಕ) ಅದ್ದಿ ಬಟ್ಟೆಗೆ ಒರೆಸಿದ ಚಪ್ಪಟೆ ಕುಂಚದಿಂದ ಕೆಳಕ್ಕೆ ಎಳೆಯಿರಿ. ಕಿತ್ತಳೆ ಬಣ್ಣ ಕಡೆಗೆ, ಅದೂ ಹತ್ತರಲ್ಲಿ ಒಂದು ಕಡೆ ಮಾತ್ರ. ಪ್ರತಿ ಗೆರೆಗೂ ಮೇಲೆ ಒಂದು ಮೂಲ ಇರಲೇಬೇಕು: ಬೋಲ್ಟು, ಕಂಬಿ, ಒಡೆದ ಸೂರಿನ ದೋಣಿ. ಮಳೆನೀರಿನ ಕೊಳವೆಯೊಂದರ ಕೀಲು ಬಿಟ್ಟಿದೆ ಅಂದುಕೊಳ್ಳಿ. ಅಲ್ಲಿಂದ ಕೆಳಗೆ ಇಟ್ಟಿಗೆ ಕಪ್ಪಾಗಿ, ನಡುವೆ ಪಾಚಿಯ ಹಸಿರು ತೆಳುವಾಗಿ ಇಳಿದು, ಬುಡದಲ್ಲಿ ನೆಲದ ಮರಳು ಕೊರೆದು, ಅಲ್ಲೇ ನಾಲ್ಕು ಕಳೆ ಗಿಡ. ಇಂಥ ಒಂದು ಜಾಗ ಇಡೀ ಗೋಡೆಯ ಕೊಳೆಯನ್ನು ನಂಬಿಸುತ್ತದೆ. ಬಣ್ಣದ ಪುಡಿ ಹಚ್ಚಿದ ಮೇಲೆ ವಾರ್ನಿಷ್ ಹೊಡೆದರೆ ಅರ್ಧಕ್ಕರ್ಧ ಕಾಣದಾಗುತ್ತದೆ. ಕೈ ತಾಗದ ಕಡೆ ಹಾಗೇ ಬಿಡುತ್ತೇನೆ.

ಅಂಗಳದ ಹಳಿ ಮುಖ್ಯ ಮಾರ್ಗದ ಹಾಗೆ ಜಲ್ಲಿಯ ಮೇಲೆ ಎದ್ದು ನಿಲ್ಲುವುದಿಲ್ಲ, ಸ್ಲೀಪರ್ ಮುಚ್ಚುವಷ್ಟು ಕೊಳೆಯಲ್ಲಿ ಹೂತಿರುತ್ತದೆ. ಹಸಿ ಮರಳಿನ ಅಚ್ಚಿಗೆ ಬೆಂಟೊನೈಟ್ ಜೇಡಿಯ ಜೊತೆ ಕಲ್ಲಿದ್ದಲ ಪುಡಿ ಬೆರೆಸುವುದರಿಂದ ಫೌಂಡ್ರಿಯ ನೆಲ ಕಪ್ಪು. ಜರಡಿ ಹಿಡಿದ ನಯ ಮರಳಿಗೆ ಕಪ್ಪು ಪುಡಿ ಬೆರೆಸಿ ಉದುರಿಸಿ, ಹಳಿಯ ತಲೆಗಿಂತ 0.5 ಮಿ.ಮೀ. ಕೆಳಗೆ ನಿಲ್ಲಿಸಿ, ಇಲ್ಲದಿದ್ದರೆ ಹಳಿ ಉಜ್ಜುವಾಗೆಲ್ಲ ನೆಲ ಕೆರೆದು ಬರುತ್ತದೆ. ಹಳಿಯ ಒಳಬದಿಯಲ್ಲಿ ಚಕ್ರದ ಅಂಚಿಗೆ 1.3 ಮಿ.ಮೀ. ಅಗಲ, 1 ಮಿ.ಮೀ. ಆಳದ ಹಾದಿ ಬೇಕು. ಮೊದಲು ಆಲ್ಕೊಹಾಲು ಸಿಂಪಡಿಸಿ ನೆನೆಸಿ, ಆಮೇಲೆ ಬಿಳಿ ಅಂಟು ಮತ್ತು ನೀರು ಸಮಸಮ, ಎರಡು ಹನಿ ಪಾತ್ರೆ ತೊಳೆಯುವ ದ್ರವ. ನೆನೆಸದೆ ಅಂಟು ಬಿಟ್ಟರೆ ಹನಿ ಮುತ್ತಾಗಿ ಉರುಳಿ ನೆಲದಲ್ಲಿ ಗುಂಡಿ ಮಾಡುತ್ತದೆ. ಪಾಯಿಂಟಿನ (ರೈಲು ಹಳಿ ಬದಲಿಸುವ ಜಾಗ) ಚಲಿಸುವ ಹಳಿಯ ಸುತ್ತ 15 ಮಿ.ಮೀ. ಒಳಗೆ ಅಂಟು ಸುಳಿಯಬಾರದು.

ರಾಶಿಗಳ ಒಳಗೆ ಫೋಮ್, ಮೇಲೆ ಸರಕು. ಕೋಕ್ ಕಲ್ಲಿದ್ದಲಿನಂತೆ ಹೊಳೆಯುವುದಿಲ್ಲ, ಮಂಕು ಬೂದು, ತುಣುಕು 1.2ರಿಂದ 1.7 ಮಿ.ಮೀ. ಸುಣ್ಣದ ಕಲ್ಲು ಅರ್ಧ ಮಿ.ಮೀ. ಸಾಕು. ಇಳಿಜಾರು 35–40 ಡಿಗ್ರಿ, ಆದರೆ ಶಂಕುವಿನಂತೆ ದುಂಡಗೆ ಬೇಡ: ಒಂದು ಪಕ್ಕ ಬಗೆದು ತೆಗೆದಂತೆ ಕಡಿದಾಗಿರಲಿ, ಬುಡದಿಂದ ಲಿಫ್ಟಿನವರೆಗೆ ಉದುರಿದ ಚೂರುಗಳ ದಾರಿ ಇರಲಿ. ಕಳಿಸಲು ಜೋಡಿಸಿಟ್ಟ ಎರಕದ ಭಾಗಗಳಿಗೆ ಬೆಳ್ಳಿ ಬಣ್ಣ ಬಳಿಯಬೇಡಿ. ಬಯಲಲ್ಲಿಟ್ಟ ಹೊಸ ಎರಕ ಬೇಗ ತುಕ್ಕು ಹಿಡಿಯುತ್ತದೆ.

ಕೊನೆಗೆ ಮೊಬೈಲನ್ನು ಹಳಿಯ ಮಟ್ಟಕ್ಕೆ ಹಿಡಿದು ಒಂದು ಫೋಟೊ. ಕಣ್ಣಿಗೆ ಕಾಣದ ತಪ್ಪು ಅದರಲ್ಲಿ ಸಿಗುತ್ತದೆ, ಹೆಚ್ಚಾಗಿ ಗೋಡೆಯ ಬುಡಕ್ಕೂ ನೆಲಕ್ಕೂ ನಡುವಿನ ಬೆಳಕಿನ ಗೆರೆ. ಅದೇ ಕಪ್ಪು ಮರಳನ್ನು ಕುಂಚದ ತುದಿಯಿಂದ ಅಲ್ಲಿಗೆ ತಳ್ಳಿ, ಒಂದೆರಡು ಹನಿ ಅಂಟು ಬಿಟ್ಟರೆ ಕಟ್ಟಡ ನೆಲಕ್ಕೆ ಕೂರುತ್ತದೆ.