ಮಡಿಕೇರಿ ಚಳಿಯಲ್ಲಿ ಲ್ಯಾಬ್ ಸಿಲಿಂಡರ್ ಬಳಸುವುದು ಹೇಗೆ?

ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯ ಲ್ಯಾಬ್‌ನಲ್ಲಿ ಬರ್ನರ್ ಉರಿ ಸಣ್ಣಗಾಗುತ್ತದೆ, ಅಲ್ವಾ? ಸುಮ್ನೆ ಸಿಲಿಂಡರ್ ಅಲ್ಲಾಡಿಸಬೇಡಿ. ಒಳಗಿರುವುದು ಎಲ್‌ಪಿಜಿ, ಅಂದರೆ ಒತ್ತಡಕ್ಕೆ ದ್ರವವಾದ ಪ್ರೋಪೇನ್, ಬ್ಯೂಟೇನ್; ಬರ್ನರ್‌ನಲ್ಲಿ ಉರಿಯುವುದು ಅದರ ಆವಿ. ಪ್ರೋಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯೂಟೇನ್‌ಗೆ ಸೊನ್ನೆಯ ಹತ್ತಿರ ಬೇಕು, ಹಾಗಾಗಿ ಚಳಿ ಜಾಸ್ತಿಯಾದಷ್ಟೂ ಆವಿ ಕಮ್ಮಿ, ಅದರ ಮೇಲೆ ನಾಲ್ಕೈದು ಬರ್ನರ್ ಒಟ್ಟಿಗೆ ಹಚ್ಚಿದರೆ ದ್ರವ ಇನ್ನೂ ತಣ್ಣಗಾಗಿ ಸಿಲಿಂಡರ್ ಹೊರಮೈ ಬೆವರುತ್ತದೆ. ಆ ಹನಿಗಳ ಗೆರೆ ಎಲ್ಲಿದೆಯೋ ಸುಮಾರು ಅಲ್ಲಿವರೆಗೆ ದ್ರವ ಇದೆ ಅಂತ ಲೆಕ್ಕ.

ಒಂದೆರಡು ಬರ್ನರ್ ಆರಿಸಿ, ಸ್ವಲ್ಪ ಹೊತ್ತು ಬಿಡಿ. ಬಿಸಿನೀರು, ಕೆಂಡ ಹತ್ತಿರ ತರಲೇಬೇಡಿ. ಸಿಲಿಂಡರ್ ನೆಟ್ಟಗೇ ಇರಲಿ. ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗುತ್ತದೆ. ಜೋಡಿಸಿದ ಕಡೆಯೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ, ಎಷ್ಟೇ ಚಳಿಯಿದ್ದರೂ ಬಾಗಿಲು ಕಿಟಕಿ ಮುಚ್ಚಬೇಡಿ. ಸೋರಿದರೆ ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ.