ಕಂಡಕ್ಟರ್ ಕೇಳಿದ್ದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ?

ಒಬ್ಬರು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರಿಗೆ ತಿಳಿಸುವುದು ಕನ್ನಡದಲ್ಲಿ ಕಷ್ಟದ ಕೆಲಸವಲ್ಲ. ‘ಎಲ್ಲಿ ಇಳಿಯುತ್ತೀರಿ ಎಂದು ಕಂಡಕ್ಟರ್ ಕೇಳಿದರು’ ಎಂದರೆ ಮುಗಿಯಿತು. ಕಂಡಕ್ಟರ್ ಬಾಯಿಂದ ಬಂದ ಪ್ರಶ್ನೆಯು ತನ್ನ ಕಾಲವನ್ನಾಗಲಿ, ಪುರುಷವನ್ನಾಗಲಿ, ಪದಗಳ ಕ್ರಮವನ್ನಾಗಲಿ ಬಿಟ್ಟುಕೊಡದೆ, ಕೊನೆಯಲ್ಲೊಂದು ‘ಎಂದು’ ಸೇರಿಸಿಕೊಂಡು ಇಡಿಯಾಗಿ ಹೊಸ ವಾಕ್ಯದೊಳಗೆ ಬಂದು ಕೂರುತ್ತದೆ. ಇಂಗ್ಲಿಷ್ ಇದಕ್ಕೆ ಒಪ್ಪುವುದಿಲ್ಲ. ಅಲ್ಲಿ ಪ್ರಶ್ನೆಯು ತನ್ನ ಪ್ರಶ್ನಾರೂಪವನ್ನು ಬಿಟ್ಟು ಹೇಳಿಕೆಯ ರೂಪಕ್ಕೆ ಬರಬೇಕು. ‘ಹಿ ಆಸ್ಕ್ಡ್ ಮೀ ದಟ್ ವೇರ್ ಡು ಯು ವಾಂಟ್ ಟು ಗೆಟ್ ಆಫ್’ ಎಂದು ನಮ್ಮ ವಿದ್ಯಾರ್ಥಿಗಳು ಬರೆಯುವುದಕ್ಕೆ ಬುದ್ಧಿಮಾಂದ್ಯ ಕಾರಣವಲ್ಲ. ‘ಎಂದು’ ಇರುವಲ್ಲಿ ‘ದಟ್’ ಇಟ್ಟು, ಉಳಿದುದನ್ನು ಕನ್ನಡದ ರೂಢಿಯಂತೆ ಮುಟ್ಟದೆ ಬಿಟ್ಟಿರುತ್ತಾರೆ, ಅಷ್ಟೆ.

ಇದೇ ವಾಕ್ಯವನ್ನು ಹಿಡಿದು ಹೊರಡೋಣ. ಮೂಲದಲ್ಲಿ ಅದು ಹೀಗಿದೆ: ದ ಕಂಡಕ್ಟರ್ ಸೆಡ್ ಟು ಮೀ, “ವೇರ್ ಡು ಯು ವಾಂಟ್ ಟು ಗೆಟ್ ಆಫ್?”

ಮೊದಲು ವರದಿ ಮಾಡುವ ಕ್ರಿಯಾಪದವನ್ನು ಸರಿಪಡಿಸಬೇಕು. ‘ಸೆಡ್ ಟು’ ಎಂಬುದನ್ನು ‘ಆಸ್ಕ್ಡ್’ ಎಂದು ಬದಲಿಸಬೇಕು. ಇದರ ಮುಂದೆ ‘ಟು’ ಬರಕೂಡದು. ‘ನನಗೆ ಕೇಳಿದರು’ ಎಂಬ ನಮ್ಮ ಮಾತಿನ ಪ್ರಭಾವದಿಂದ ‘ಆಸ್ಕ್ಡ್ ಟು ಮೀ’ ಎನ್ನುವವರು ಬಹಳ. ‘ಆಸ್ಕ್ಡ್ ಮೀ’ ಎಂಬುದೇ ಸರಿ.

ಎರಡನೆಯದಾಗಿ, ಎರಡು ಭಾಗಗಳನ್ನು ಜೋಡಿಸುವ ಪದವನ್ನು ಆರಿಸಬೇಕು. ಮೂಲದಲ್ಲಿ ವಾಟ್, ವೇರ್, ವೆನ್, ವೈ, ಹೂ, ಹೌ ಮುಂತಾದ ಪ್ರಶ್ನಾರ್ಥಕ ಪದವಿದ್ದರೆ ಅದೇ ಕೊಂಡಿಯಾಗುತ್ತದೆ, ಬೇರೇನೂ ಬೇಕಿಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಯಾದರೆ ‘ಇಫ್’ ಅಥವಾ ‘ವೆದರ್’ ಬೇಕು. ಸಾಮಾನ್ಯವಾಗಿ ಇವೆರಡರಲ್ಲಿ ಯಾವುದಾದರೂ ನಡೆಯುತ್ತದೆ; ಬರಹದಲ್ಲಿ ‘ವೆದರ್’ ಸ್ವಲ್ಪ ಗಂಭೀರವಾಗಿ ಕೇಳಿಸುತ್ತದೆ. ಆದರೆ ಒಡನೆಯೇ ‘ಆರ್ ನಾಟ್’ ಬರುವಲ್ಲಿಯೂ, ‘ವೆದರ್ ಟು ಗೋ’ ಎಂಬಂತೆ ‘ಟು’ ಸಹಿತ ಕ್ರಿಯಾಪದ ಬರುವಲ್ಲಿಯೂ ‘ಇಫ್’ ಹೊಂದುವುದಿಲ್ಲ. ‘ದಟ್’ ಅಂತೂ ಎಲ್ಲಿಯೂ ಬೇಡ.

ಮೂರನೆಯ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುವುದು, ಹಾಗಾಗಿ ಇಲ್ಲಿ ನಿಧಾನಿಸಬೇಕು. ಇಂಗ್ಲಿಷ್ ಪ್ರಶ್ನೆಯಲ್ಲಿ ಸಹಾಯಕ ಕ್ರಿಯಾಪದವು ಕರ್ತೃವಿಗಿಂತ ಮೊದಲು ಬರುತ್ತದೆ: ‘ವಾಟ್ ಈಸ್ ಯುವರ್ ನೇಮ್?’ ವರದಿಯಲ್ಲಿ ಕರ್ತೃವು ಮುಂದೆ ಬಂದು ಕ್ರಿಯಾಪದ ಹಿಂದೆ ಸರಿಯಬೇಕು: ‘ಹಿ ಆಸ್ಕ್ಡ್ ಮೀ ವಾಟ್ ಮೈ ನೇಮ್ ವಾಸ್.’ ಡು, ಡಸ್, ಡಿಡ್ ಎಂಬುವು ಪ್ರಶ್ನೆ ಕಟ್ಟುವುದಕ್ಕೆಂದೇ ಬಂದ ಸಹಾಯಕಗಳಾದ್ದರಿಂದ, ಪ್ರಶ್ನಾರೂಪ ಹೋದೊಡನೆ ಅವುಗಳೂ ಹೋಗುತ್ತವೆ. ಅವು ಹೊತ್ತಿದ್ದ ಕಾಲಸೂಚನೆ ಮಾತ್ರ ಮುಖ್ಯ ಕ್ರಿಯಾಪದಕ್ಕೆ ವರ್ಗಾವಣೆಯಾಗುತ್ತದೆ. ಹಾಗಾಗಿ ನಮ್ಮ ವಾಕ್ಯದ ‘ಡು ಯು ವಾಂಟ್’ ಎಂಬುದರಲ್ಲಿ ‘ಡು’ ಬಿದ್ದುಹೋಗುತ್ತದೆ. ‘ಡೋಂಟ್’, ‘ಡಿಡಿಂಟ್’ ಇದ್ದರೆ ನಿಷೇಧವನ್ನು ಉಳಿಸಿಕೊಳ್ಳಬೇಕಾದ್ದರಿಂದ ಸಹಾಯಕವೂ ತಕ್ಕ ರೂಪದಲ್ಲಿ ಉಳಿಯುತ್ತದೆ: ‘ವೈ ಡೋಂಟ್ ಯು ಈಟ್?’ ಎಂಬುದು ‘ವೈ ಐ ಡಿಡಿಂಟ್ ಈಟ್’ ಆಗುತ್ತದೆ. ಪ್ರಶ್ನಾರ್ಥಕ ಪದವೇ ಕರ್ತೃವಾಗಿರುವ ‘ಹೂ ಬ್ರೋಕ್ ದ ವಿಂಡೋ?’ ಎಂಬಂಥ ಪ್ರಶ್ನೆಗಳಲ್ಲಿ ಅದಲುಬದಲು ಮಾಡುವುದಕ್ಕೆ ಏನೂ ಇರುವುದಿಲ್ಲ. ‘ಶಿ ಆಸ್ಕ್ಡ್ ಹೂ ಹ್ಯಾಡ್ ಬ್ರೋಕನ್ ದ ವಿಂಡೋ’ ಎಂದರೆ ಸಾಕು.

ಈಗ ಕಾಲ. ವರದಿಯ ಕ್ರಿಯಾಪದ ‘ಆಸ್ಕ್ಡ್’ ಎಂದು ಭೂತಕಾಲದಲ್ಲಿದ್ದರೆ ಒಳಗಿನ ಕ್ರಿಯಾಪದವೂ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯುತ್ತದೆ: ಈಸ್ ಇದ್ದದ್ದು ವಾಸ್, ಹ್ಯಾಸ್ ಇದ್ದದ್ದು ಹ್ಯಾಡ್, ವಿಲ್ ಇದ್ದದ್ದು ವುಡ್, ಕ್ಯಾನ್ ಇದ್ದದ್ದು ಕುಡ್. ಮೂಲವೇ ಭೂತಕಾಲದಲ್ಲಿದ್ದರೆ ‘ಹ್ಯಾಡ್’ ಜೊತೆಗೆ ಕ್ರಿಯಾಪದದ ಮೂರನೆಯ ರೂಪ ಬರುತ್ತದೆ. ‘ಶಿ ಆಸ್ಕ್ಸ್’ ಎಂದು ವರ್ತಮಾನದಲ್ಲಿಯೇ ಹೇಳುತ್ತಿದ್ದರೆ ಕಾಲವನ್ನು ಮುಟ್ಟಬೇಕಿಲ್ಲ. ಎಂದೆಂದಿಗೂ ನಿಜವಾದ ಸಂಗತಿಯಲ್ಲಿಯೂ ವರ್ತಮಾನ ಉಳಿಯಬಹುದು. ನೀರು ಯಾವ ಉಷ್ಣತೆಯಲ್ಲಿ ಕುದಿಯುತ್ತದೆ ಎಂದು ಮೇಷ್ಟ್ರು ನಿನ್ನೆ ಕೇಳಿದರೂ ನೀರು ಇಂದಿಗೂ ಕುದಿಯುತ್ತಲೇ ಇದೆಯಲ್ಲವೇ?

ಸರ್ವನಾಮಗಳಿಗೆ ಪಟ್ಟಿ ಬಾಯಿಪಾಠ ಮಾಡುವ ಬದಲು, ಯಾರು ಯಾರನ್ನು ಕೇಳಿದರು ಎಂಬುದನ್ನು ನೋಡಿದರೆ ಸಾಕು. ಕಂಡಕ್ಟರ್ ‘ಯು’ ಎಂದದ್ದು ನನ್ನನ್ನು, ಆದ್ದರಿಂದ ಅದು ‘ಐ’. ಎಲ್ಲ ಸೇರಿ ವಾಕ್ಯ ಹೀಗೆ ನಿಲ್ಲುತ್ತದೆ: ‘ದ ಕಂಡಕ್ಟರ್ ಆಸ್ಕ್ಡ್ ಮೀ ವೇರ್ ಐ ವಾಂಟೆಡ್ ಟು ಗೆಟ್ ಆಫ್.’ ಕೊನೆಗೆ ಪೂರ್ಣವಿರಾಮ. ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಉದ್ಧರಣ ಚಿಹ್ನೆಯೂ ಇಲ್ಲ.

ಕಾಲ ಮತ್ತು ಸ್ಥಳವನ್ನು ಸೂಚಿಸುವ ಪದಗಳೂ ದೂರ ಸರಿಯುತ್ತವೆ. ಟುಡೇ ಎಂಬುದು ದಟ್ ಡೇ, ಟುಮಾರೋ ಎಂಬುದು ದ ನೆಕ್ಸ್ಟ್ ಡೇ, ಯೆಸ್ಟರ್‌ಡೇ ಎಂಬುದು ದ ಪ್ರೀವಿಯಸ್ ಡೇ, ಹಿಯರ್ ಎಂಬುದು ದೇರ್ ಆಗುತ್ತದೆ. “ಡಿಡ್ ಯು ಫಿನಿಶ್ ಯುವರ್ ಹೋಮ್‌ವರ್ಕ್ ಯೆಸ್ಟರ್‌ಡೇ?” ಎಂದು ತಾಯಿ ಮಗಳನ್ನು ಕೇಳಿದ್ದನ್ನು ನಾವು ‘ದ ಮದರ್ ಆಸ್ಕ್ಡ್ ಹರ್ ಡಾಟರ್ ಇಫ್ ಶಿ ಹ್ಯಾಡ್ ಫಿನಿಶ್ಡ್ ಹರ್ ಹೋಮ್‌ವರ್ಕ್ ದ ಪ್ರೀವಿಯಸ್ ಡೇ’ ಎಂದು ಬರೆಯುತ್ತೇವೆ. ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನು ಅದೇ ದಿನ ಸಂಜೆ ಹೇಳುವಾಗ ಟುಡೇ ಎಂಬುದು ಟುಡೇ ಆಗಿಯೇ ಉಳಿದರೆ ತಪ್ಪಲ್ಲ. ಆದರೆ ದ್ವಿತೀಯ ಪಿಯುಸಿಯಲ್ಲಿ ಸಂಭಾಷಣೆಯನ್ನು ವರದಿ ಮಾಡಲು ಕೇಳುವ ಪ್ರಶ್ನೆಯಂಥ ಕಡೆ, ಹೇಳುವ ದಿನ ಯಾವುದೆಂದು ತಿಳಿಯದಿರುವಾಗ, ಬದಲಿಸಿ ಬರೆಯುವುದೇ ಕ್ಷೇಮ.

ಪ್ರಶ್ನೆಯ ಆಕಾರದಲ್ಲಿದ್ದರೂ ಪ್ರಶ್ನೆಯಲ್ಲದ ಮಾತುಗಳಿರುತ್ತವೆ ಎಂಬುದನ್ನು ಮಾರ್ಗದರ್ಶಿ ಪುಸ್ತಕಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. “ಕ್ಯಾನ್ ಯು ಲೆಂಡ್ ಮೀ ಯುವರ್ ಪೆನ್?” ಎಂದು ಪಕ್ಕದ ಹುಡುಗಿ ಕೇಳಿದಾಗ ಆಕೆ ನಮ್ಮ ಸಾಮರ್ಥ್ಯವನ್ನು ವಿಚಾರಿಸುತ್ತಿಲ್ಲ, ಪೆನ್ನು ಬೇಡುತ್ತಿದ್ದಾಳೆ. ಇದನ್ನು ‘ಇಫ್’ ಹಾಕಿ ಬರೆದರೂ ವ್ಯಾಕರಣ ಕೆಡುವುದಿಲ್ಲವಾದರೂ, ‘ಶಿ ಆಸ್ಕ್ಡ್ ಮೀ ಟು ಲೆಂಡ್ ಹರ್ ಮೈ ಪೆನ್’ ಎಂಬುದೇ ಅರ್ಥಕ್ಕೆ ಹತ್ತಿರ. ಕೇಳಿದ್ದು ಮಾಹಿತಿಯೋ ಸಹಾಯವೋ ಎಂಬುದನ್ನು ನೋಡಿಕೊಂಡು ಆರಿಸಬೇಕು.

ಇದೇ ಪದಕ್ರಮವು ಯಾರ ಮಾತನ್ನೂ ವರದಿ ಮಾಡದಿರುವಾಗಲೂ ಬೇಕಾಗುತ್ತದೆ. ಹೊಸ ಊರಿನಲ್ಲಿ ಅಪರಿಚಿತರನ್ನು ‘ವೇರ್ ಈಸ್ ದ ಬಸ್ ಸ್ಟ್ಯಾಂಡ್?’ ಎಂದು ನೇರವಾಗಿ ಕೇಳುವುದಕ್ಕಿಂತ ‘ಕುಡ್ ಯು ಟೆಲ್ ಮೀ ವೇರ್ ದ ಬಸ್ ಸ್ಟ್ಯಾಂಡ್ ಈಸ್?’ ಎನ್ನುವುದು ಹೆಚ್ಚು ವಿನಯ. ಇಲ್ಲಿ ‘ಈಸ್’ ಕೊನೆಗೆ ಸರಿದಿದೆ, ಆದರೆ ಭೂತಕಾಲಕ್ಕೆ ಇಳಿದಿಲ್ಲ; ಹೊರಗಿನ ‘ಕುಡ್ ಯು’ ನಿಜವಾದ ಪ್ರಶ್ನೆಯೇ ಆಗಿರುವುದರಿಂದ ಪ್ರಶ್ನಾರ್ಥಕ ಚಿಹ್ನೆಯನ್ನು ಇಲ್ಲಿ ಹಾಕಲೇಬೇಕು.