ಪೇಟೆಯೊಳಗೆ ಸೇರಿಹೋದ ಹಳ್ಳಿಯ ಚರಿತ್ರೆಯನ್ನು ಬರೆಯುವ ಕ್ರಮ

ಕಾಸರಗೋಡು ಪೇಟೆಗೆ ತಾಗಿಕೊಂಡಿರುವ ಕೂಡ್ಲು, ಮಧೂರು, ಚೆಂಗಳ, ಮೊಗ್ರಾಲು ಪುತ್ತೂರು ಮುಂತಾದ ಊರುಗಳ ಬಗ್ಗೆ ಸ್ಮರಣ ಸಂಚಿಕೆಗಳಲ್ಲಿ ಬರುವ ಲೇಖನಗಳು ಸಾಮಾನ್ಯವಾಗಿ ದೇವಸ್ಥಾನದ ಐತಿಹ್ಯದಿಂದ ಹೊರಟು, ಟಿಪ್ಪುವಿನ ದಂಡಯಾತ್ರೆಯನ್ನು ಹಾದು, ಈಗಿನ ಸಂಘಸಂಸ್ಥೆಗಳ ಪಟ್ಟಿಯಲ್ಲಿ ಮುಗಿಯುತ್ತವೆ. ಗದ್ದೆ ಎಲ್ಲಿತ್ತು, ಅದನ್ನು ಯಾರು ಉಳುತ್ತಿದ್ದರು, ಯಾವ ನೆಲ ಮೊದಲು ಸೆಂಟ್ಸ್ ಲೆಕ್ಕದಲ್ಲಿ ಮಾರಾಟವಾಯಿತು ಎಂಬುದು ಅಲ್ಲಿ ಸಿಗುವುದಿಲ್ಲ. ಆದರೆ ಪೇಟೆಯಂಚಿನ ಊರಿಗೆ ಈಗಿನ ಚಹರೆ ಬಂದಿರುವುದೇ ನೆಲ ಕೈ ಬದಲಾಯಿಸಿದ ಕ್ರಮದಿಂದ. ಆದ್ದರಿಂದ ಇಂಥ ಊರಿನ ಚರಿತ್ರೆ ಬರೆಯಲು ಹೊರಟವರು ಐತಿಹ್ಯವನ್ನು ಸದ್ಯಕ್ಕೆ ಬದಿಗಿಟ್ಟು ನೆಲದಿಂದ ಆರಂಭಿಸುವುದು ಒಳ್ಳೆಯದು.

ಮೊದಲ ಸುತ್ತಾಟವನ್ನು ಮಳೆಗಾಲದಲ್ಲೇ ಮಾಡಬೇಕು, ಏಕೆಂದರೆ ನೀರು ನಿಲ್ಲುವ ಮತ್ತು ಹರಿದುಹೋಗುವ ಜಾಗಗಳು ಕಾಂಕ್ರೀಟಿನ ಅಡಿಯಲ್ಲಿದ್ದರೂ ಆಗ ತಾವಾಗಿ ಕಾಣಿಸಿಕೊಳ್ಳುತ್ತವೆ. ನಮ್ಮ ಕಡೆಯ ಗದ್ದೆಗಳಲ್ಲಿ ಮಳೆನೀರನ್ನು ನಂಬಿ ಏಣೆಲು ಎಂಬ ಒಂದೇ ಬೆಳೆ ತೆಗೆಯುವ ಬೆಟ್ಟು, ಎರಡನೆಯ ಬೆಳೆ ಸುಗ್ಗಿಯೂ ಸೇರಿ ಎರಡು ಬೆಳೆ ಕೊಡುವ ಮಜಲು, ಮೂರನೆಯ ಬೆಳೆಯಾದ ಕೊಳಕೆಗೂ ನೀರು ಉಳಿಯುವ ಬೈಲು ಎಂಬ ಮೂರು ವರ್ಗಗಳಿದ್ದವು. ಇವುಗಳ ಮೇಲ್ಗಡೆ ಮುರಕಲ್ಲಿನ ಪಾರೆ (ಬಂಡೆಹಾಸು) ಮತ್ತು ಅಡ್ಕ (ಎತ್ತರದ ಒಣ ಬಯಲು) ಇರುತ್ತಿತ್ತು. ಅಡ್ಕತ್ತಬೈಲು, ಬೀರಂತಬೈಲು, ಉಳಿಯತ್ತಡ್ಕ ಮೊದಲಾದ ಹೆಸರುಗಳು ಈ ವಿಂಗಡಣೆಗೆ ಸುಳಿವು ಕೊಡುತ್ತವೆಯಾದರೂ ಹೆಸರೊಂದನ್ನೇ ಸಾಕ್ಷಿಯಾಗಿ ಹಿಡಿಯದೆ ಸ್ಥಳಕ್ಕೆ ಹೋಗಿ ನೋಡಬೇಕು. ತೋಡು (ಹಳ್ಳ), ಮದಕ (ಮಳೆನೀರು ನಿಲ್ಲಿಸುವ ಕೆರೆ), ಸುರಂಗ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಿಲ), ಬೇಸಗೆಗೆ ಮೊದಲು ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದ ಜಾಗ, ಇವಿಷ್ಟನ್ನೂ ಒಂದು ಕೈನಕ್ಷೆಯಲ್ಲಿ ಗುರುತಿಸಿಕೊಂಡರೆ ಹಳ್ಳಿಯ ಅಸ್ಥಿಪಂಜರ ಸಿಕ್ಕಿದಂತೆಯೇ.

ಈ ನಕ್ಷೆಯ ಮೇಲೆ ಹೊಸ ಕಟ್ಟಡಗಳನ್ನು ಇಟ್ಟು ನೋಡುವಾಗ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು: ಪೇಟೆ ಮೊದಲು ಬಂದು ಕೂತದ್ದು ಎಷ್ಟೋ ಕಡೆ ಹಳ್ಳಿಯವರು ಬೆಲೆ ಕಟ್ಟದಿದ್ದ ನೆಲದಲ್ಲಿ. ದನ ಮೇಯಿಸಲು, ಮನೆಯ ಮಾಡಿಗೆ (ಛಾವಣಿಗೆ) ಹೊದೆಸುವ ಮುಳಿಹುಲ್ಲು ಕೊಯ್ಯಲು, ಹಟ್ಟಿಗೆ ಸೊಪ್ಪು ತರಲು ಮಾತ್ರ ಉಪಯೋಗವಾಗುತ್ತಿದ್ದ ಅಡ್ಕ, ಪಾರೆಗಳು ಕಚೇರಿಗೂ ಕಾಲೇಜಿಗೂ ಅನುಕೂಲವಾದವು. 1957ರಲ್ಲಿ ಸರಕಾರಿ ಕಾಲೇಜು ಬಂದ ವಿದ್ಯಾನಗರ, ಬಳಿಕ ಜಿಲ್ಲಾ ಕಚೇರಿಗಳೂ ಸೇರಿ ಬೆಳೆದ ಬಗೆಯನ್ನು ಇದಕ್ಕೆ ಹೋಲಿಸಿ ನೋಡಬಹುದು. ಬೈಲಿಗೆ ಮಣ್ಣು ಬಿದ್ದದ್ದು ಸಾಮಾನ್ಯವಾಗಿ ಆಮೇಲಿನ ಮಾತು. ನಿಮ್ಮ ಊರಿನಲ್ಲಿ ಈ ಕ್ರಮ ಹಿಂದುಮುಂದಾಗಿದ್ದರೆ ಕಾರಣ ಹುಡುಕಲೇಬೇಕು. ಹೆಚ್ಚಾಗಿ ಅದು ರಸ್ತೆಯೋ ರೈಲೋ ಆಗಿರುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಕಾಸರಗೋಡಿನವರಿಗೆ ಒಂದು ಅನುಕೂಲವೂ ಒಂದು ತೊಡಕೂ ಇದೆ. 1956ರ ನವೆಂಬರ್ 1ರವರೆಗೆ ಈ ಪ್ರದೇಶ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಹಳೆಯ ಆಧಾರಗಳು (ಜಮೀನಿನ ನೋಂದಾಯಿತ ಪತ್ರಗಳು) ಬಹುಮಟ್ಟಿಗೆ ಕನ್ನಡದಲ್ಲಿಯೇ ಇವೆ. ಕೇರಳಕ್ಕೆ ಸೇರಿದ ಅನಂತರದವು ಮಲಯಾಳದತ್ತ ಸರಿಯುತ್ತವೆ. ಎರಡನ್ನೂ ಓದಬಲ್ಲ ಒಬ್ಬರು ಜೊತೆಗಿರುವುದು ಅಗತ್ಯ. ವರ್ಗ (ತೀರ್ವೆ ಕಟ್ಟುವ ಖಾತೆಯ ಜಮೀನು), ಕುಮ್ಕಿ, ಮೂಲಗೇಣಿ, ಚಾಲಗೇಣಿ, ನಂಜ (ನೀರಿನ ಗದ್ದೆ), ಪುಂಜ (ಒಣ ನೆಲ), ಬಾಗಾಯತು (ತೋಟ) ಎಂಬ ಹಳೆಯ ಪದಗಳ ಅರ್ಥ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಚಾಲಗೇಣಿಯ ಒಕ್ಕಲನ್ನು ಮೂಲಗೇಣಿದಾರನೆಂದು ಬರೆದುಬಿಡುವ ಅಪಾಯವಿದೆ. ಮೂಲಗೇಣಿ ಶಾಶ್ವತ ಹಕ್ಕು. ಚಾಲಗೇಣಿಯವನನ್ನು ಧಣಿ ಬೇಕೆಂದಾಗ ಬಿಡಿಸಬಹುದಾಗಿತ್ತು. ವರ್ಗ ಜಮೀನಿನ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಕುಮ್ಕಿ.

ಆಧಾರಗಳಲ್ಲಿ ನನ್ನ ಮಟ್ಟಿಗೆ ಅತ್ಯಂತ ಬೆಲೆಯುಳ್ಳದ್ದು ಹಣದ ಮೊತ್ತವಲ್ಲ, ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿಗಳ ವಿವರ. ಒಂದೇ ಜಾಗದ ಬೇರೆ ಬೇರೆ ಕಾಲದ ಮೂರು ಆಧಾರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿರಿ. ಮೊದಲನೆಯದರಲ್ಲಿ ಮೂಡುದಿಕ್ಕಿಗೆ ತೋಡು, ತೆಂಕುದಿಕ್ಕಿಗೆ ಕಟ್ಟಪುಣಿ (ಗದ್ದೆಯ ದೊಡ್ಡ ಬದು), ಪಡುದಿಕ್ಕಿಗೆ ಅಗಳು (ಗಡಿಯ ಕಂದಕ) ಎಂದಿರಬಹುದು. ಎರಡನೆಯದರಲ್ಲಿ ಕಟ್ಟಪುಣಿ ಇದ್ದಲ್ಲಿ ಕಾಲುದಾರಿ ಬಂದಿರುತ್ತದೆ. ಮೂರನೆಯದರಲ್ಲಿ ಅದೇ ಗಡಿ ಪಂಚಾಯತು ರಸ್ತೆಯಾಗಿ, ಅಗಳು ಮುಚ್ಚಿ ನೆರೆಮನೆಯ ಆವರಣ ಗೋಡೆಯಾಗಿ, ತೋಡು ಬರಿಯ ಚರಂಡಿಯಾಗಿ ನಮೂದಾಗಿರುತ್ತದೆ. ಹಳ್ಳಿಯ ಗಡಿಗಳು ಪೇಟೆಯ ಗಡಿಗಳಾದದ್ದನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾವ ದಾಖಲೆಯೂ ಹೇಳುವುದಿಲ್ಲ.

ಆಧಾರಗಳನ್ನು ಓದುವಾಗ 1970ರ ಜನವರಿ 1ನ್ನು ಒಂದು ಗಡಿಯಾಗಿ ಇಟ್ಟುಕೊಳ್ಳಬೇಕು. ಕೇರಳ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಅಂದು ಜಾರಿಗೆ ಬಂದು, ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆಯುತ್ತಿದ್ದ ಗೇಣಿ ಒಕ್ಕಲುಗಳು ಭೂ ಟ್ರಿಬ್ಯುನಲಿನಿಂದ ಪಟ್ಟಯ (ಹಕ್ಕುಪತ್ರ) ಪಡೆದು ಭೂಮಿಯ ಒಡೆಯರಾದರು. ದೊಡ್ಡ ಮನೆತನದ ಹಿಡುವಳಿ ಒಡೆದು, ಬಳಿಕ ಮಕ್ಕಳ ಪಾಲಿನಲ್ಲಿ ಇನ್ನೂ ಸಣ್ಣದಾಗಿ, ಕೊಲ್ಲಿ ದೇಶಗಳಿಂದ ದುಡಿದ ಹಣ ಬರತೊಡಗಿದ ಕಾಲಕ್ಕೆ ಕೊಳ್ಳಲು ಮಾರಲು ಹದವಾದ ತುಂಡುಗಳು ಸಿದ್ಧವಾಗಿದ್ದವು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾದದ್ದು ಇದಕ್ಕೆ ವೇಗ ಕೊಟ್ಟಿತು.

ಸರಕಾರಿ ತಾರೀಕುಗಳನ್ನು ಬರಿದೇ ಸಾಲಾಗಿ ಪೋಣಿಸುವುದು ಚರಿತ್ರೆಯಲ್ಲ. 1907ರಲ್ಲಿ ಮಂಗಳೂರಿನವರೆಗೆ ರೈಲು ಬಂತು ಎಂದು ಬರೆದ ಮೇಲೆ, ಹಳಿ ಯಾವ ಬೈಲನ್ನು ಎರಡಾಗಿಸಿತು, ನಿಲ್ದಾಣಕ್ಕೆ ಹೋಗುವ ದಾರಿ ಯಾವ ಕಟ್ಟಪುಣಿಯ ಮೇಲಿತ್ತು ಎಂಬುದನ್ನೂ ಬರೆಯಬೇಕು. ಕೂಡ್ಲಿನ ಮಟ್ಟಿಗೆ 1916 ಮುಖ್ಯ ವರ್ಷ. ಮದ್ರಾಸ್ ಸರಕಾರ ಅಂದು ತೆರೆದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಹೆದ್ದಾರಿಯ ಎಡಬಲಗಳಲ್ಲಿ ಕಟ್ಟಡಗಳು ಒತ್ತಿಕೊಂಡು ಬಂದರೂ ಅಷ್ಟು ದೊಡ್ಡ ತೆಂಗಿನ ತೋಟ ಉಳಿದಿರುವುದು ಅದು ಸರಕಾರದ ಕೈಯಲ್ಲಿ ಇರುವುದರಿಂದ. ಅಲ್ಲಿ ಕೂಲಿಗೆ, ಗುಮಾಸ್ತಿಕೆಗೆ ಹೋದ ಹತ್ತಿರದ ಮನೆಗಳಿಗೆ ತಿಂಗಳ ಸಂಬಳದ ರೂಢಿ ಯಾವಾಗ ಬಂತು ಎಂಬುದು ಕೇಳಿ ತಿಳಿಯಬೇಕಾದ ವಿಷಯ.

ಹಿರಿಯರನ್ನು ಮಾತನಾಡಿಸುವಾಗ ‘ಹಿಂದೆ ಊರು ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಮಾತ್ರ ಬರುತ್ತದೆ. ಸೊಪ್ಪು ಎಲ್ಲಿಂದ ಹೊರುತ್ತಿದ್ದಿರಿ, ನೇಜಿ (ಭತ್ತದ ಸಸಿ) ನೆಡಲು ಯಾರು ಬರುತ್ತಿದ್ದರು, ದೈವದ ಭಂಡಾರ (ಒಡವೆ, ಆಯುಧಗಳು) ಯಾವ ದಾರಿಯಲ್ಲಿ ಬರುತ್ತಿತ್ತು ಎಂದು ಕೇಳಬೇಕು. ಭಂಡಾರದ ದಾರಿಯನ್ನು ಸುಲಭಕ್ಕೆ ಬದಲಿಸುವುದಿಲ್ಲವಾದ್ದರಿಂದ ಗದ್ದೆ ಮಾಯವಾದರೂ ಅದರ ನಡುವಿನ ಹಾದಿ ಹಾಗೆಯೇ ಉಳಿದಿರುವುದುಂಟು. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಕನ್ನಡ ಎಂದು ಮನೆಯಿಂದ ಮನೆಗೆ ಮಾತು ಬದಲಾಗುವ ಊರಿನಲ್ಲಿ ಅವರವರ ಮನೆಮಾತಿನಲ್ಲೇ ಕೇಳಿಸಿಕೊಳ್ಳಬೇಕು. ಧಣಿಗಳ ಮನೆಯಷ್ಟೇ ಹೊತ್ತು ಒಕ್ಕಲಿನ ಮನೆಯ ಜಗಲಿಯಲ್ಲೂ ಕೂರಬೇಕು. ಹೆಂಗಸರ ನೆನಪು ನೀರಿನ ವಿಷಯದಲ್ಲಿ ಗಂಡಸರದಕ್ಕಿಂತ ಖಚಿತವಾಗಿರುತ್ತದೆ.

ಹಳೆಯ ಮನೆಯ ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ 1865ರಲ್ಲಿ ಆರಂಭವಾದ್ದರಿಂದ ಅಂಥ ಹೆಂಚು ಅದಕ್ಕಿಂತ ಹಿಂದಿನದಾಗಿರಲಾರದು, ಆದರೆ ಒಂದು ಮಾಡಿನದನ್ನು ಇಳಿಸಿ ಇನ್ನೊಂದಕ್ಕೆ ಏರಿಸುವ ರೂಢಿ ಇರುವುದರಿಂದ ಮನೆಯ ವಯಸ್ಸನ್ನು ಅದರಿಂದಲೇ ತೀರ್ಮಾನಿಸುವಂತಿಲ್ಲ.

ಇತ್ತೀಚಿನ ದಶಕಗಳಿಗೆ ಎರಡು ದಾಖಲೆಗಳು ಸಾಕು. ಜನಗಣತಿಯು ಐದು ಸಾವಿರ ಜನಸಂಖ್ಯೆ, ಚದರ ಕಿಲೋಮೀಟರಿಗೆ 400 ಮಂದಿಯ ಸಾಂದ್ರತೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75ರಷ್ಟು ಕೃಷಿಯೇತರ ಉದ್ಯೋಗ ಎಂಬ ಮೂರು ಅಳತೆಗಳಿಂದ ಗ್ರಾಮವನ್ನು ಪಟ್ಟಣವೆಂದು ಎಣಿಸುತ್ತದೆ. ಕೂಡ್ಲು 2011ರಲ್ಲಿ ಹಾಗೆ ಎಣಿಸಲ್ಪಟ್ಟಿತು, ಆಡಳಿತ ಮಾತ್ರ ಗ್ರಾಮ ಪಂಚಾಯತಿನದೇ. ಇನ್ನೊಂದು, 2008ರ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯಿದೆಯಂತೆ ತಯಾರಾದ ಡಾಟಾ ಬ್ಯಾಂಕು, ಅಂದರೆ ಗದ್ದೆ, ತೇವಭೂಮಿಗಳ ಪಟ್ಟಿ. ಕೃಷಿ ಭವನದಲ್ಲಿ ಅದನ್ನು ವಿಚಾರಿಸಿ, ಗ್ರಾಮ ಕಚೇರಿಯ ಭೂದಾಖಲೆಯಲ್ಲಿ ‘ನಿಲಂ’ (ಗದ್ದೆ) ಎಂದಿರುವ ಸರ್ವೆ ನಂಬರುಗಳಿಗೆ ತಾಳೆ ಹಾಕಿದರೆ, ಎಷ್ಟು ಗದ್ದೆ ಕಾಗದದಲ್ಲಿ ಮಾತ್ರ ಉಳಿದಿದೆ ಎಂಬುದು ತಿಳಿಯುತ್ತದೆ.

ಬರೆಯಲು ಕೂತಾಗ ಒಂದೇ ಅಳತೆಯ ಮೂರು ನಕ್ಷೆಗಳನ್ನು ಮೊದಲು ಮಾಡಿಕೊಳ್ಳಿರಿ: ಭೂಸುಧಾರಣೆಗೆ ಮೊದಲಿನದು, ಜಿಲ್ಲೆಯಾದ ಹೊಸತರದ್ದು, ಷಟ್ಪಥ ಹೆದ್ದಾರಿಯ ಕೆಲಸದ ಅನಂತರದ್ದು. ಪ್ರತಿ ಅಧ್ಯಾಯವೂ ಈ ನಕ್ಷೆಗಳಿಗೆ ಉತ್ತರ ಕೊಡುವಂತಿರಲಿ. ಐತಿಹ್ಯಗಳಿಗೆ ಬೇರೆಯೇ ಒಂದು ಅಧ್ಯಾಯವಿಟ್ಟು, ಹೇಳಿದವರು ಹೇಳಿದಂತೆಯೇ ಕೊಡಬಹುದು. ವ್ಯಾಜ್ಯದಲ್ಲಿರುವ ಜಾಗಗಳ ಸರ್ವೆ ನಂಬರು, ಒಡೆಯರ ಹೆಸರು ಅಚ್ಚಾಗುವುದು ಬೇಡ. ಆಧಾರ ತೋರಿಸಿದ ಮನೆಯವರಿಗೆ ಆ ಭಾಗದ ಕರಡನ್ನು ಓದಿ ಹೇಳಿ, ಅವರು ತಿದ್ದಿದ್ದನ್ನು ತಾರೀಕಿನೊಂದಿಗೆ ಗುರುತು ಹಾಕಿಕೊಂಡ ಬಳಿಕವೇ ಮುದ್ರಣಕ್ಕೆ ಕೊಡಬೇಕು.